ಹಳೆಯ ಬೋಟುಗಳಲ್ಲಿರುವ ಗುರುತಿಲ್ಲದ ಎಂಜಿನ್‌ನ ಮೂಲವನ್ನು ಪತ್ತೆ ಮಾಡುವ ಬಗೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಉಪಯೋಗಿಸಿದ ಬೋಟು ಅಥವಾ ನಾಡದೋಣಿಯನ್ನು ಖರೀದಿಸಿ, ಅದರ ನೋಂದಣಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಲು ಅಥವಾ ಪರವಾನಗಿ ಪಡೆಯಲು ಅರ್ಜಿ ಸಲ್ಲಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಬೋಟಿನ ಒಡಲು ಒಬ್ಬರದು, ಎಂಜಿನ್ ಇನ್ನೊಂದು ಬೋಟಿನದು, ಗೇರ್‌ಬಾಕ್ಸ್ ಮತ್ತೊಂದರದು ಎಂಬಂತಹ ಸಂದರ್ಭಗಳು ಕರಾವಳಿಯಲ್ಲಿ ಅಪರೂಪವಲ್ಲ. ಒಂದು ಒಡಲಿನ ಆಯುಷ್ಯದಲ್ಲಿ ಎರಡು ಮೂರು ಎಂಜಿನ್‌ಗಳು ಬದಲಾಗುತ್ತವೆ. ಬದಲಾವಣೆಯಾದಾಗ ಕಾಗದಪತ್ರಗಳಲ್ಲಿ ಅದನ್ನು ನಮೂದಿಸದೇ ಇದ್ದಲ್ಲಿ, ಕೊನೆಯ ಖರೀದಿದಾರರಿಗೆ ದೊರೆಯುವುದು ಹೆಸರಿಲ್ಲದ, ವಯಸ್ಸು ತಿಳಿಯದ ಒಂದು ಯಂತ್ರ ಮಾತ್ರ.

ಈ ಪುಟದಲ್ಲಿ ವಿವರಿಸಿರುವ ಕ್ರಮವನ್ನು ಹಣ ಪಾವತಿಸುವ ಮುನ್ನವೇ ಅನುಸರಿಸಬೇಕೆಂದು ಕೋರಲಾಗಿದೆ. ಹಣ ಪಾವತಿಯಾದ ನಂತರ ಎಂಜಿನ್‌ನ ಮೂಲವನ್ನು ಸಾಬೀತುಪಡಿಸುವ ಹೊಣೆ ಖರೀದಿದಾರರ ಮೇಲೆಯೇ ಬೀಳುತ್ತದೆ.

2. ಎಂಜಿನ್‌ನ ಮೂಲ ತಿಳಿಯುವುದು ಏಕೆ ಅಗತ್ಯ

(ಅ) ನೋಂದಣಿ ದಾಖಲೆಯಲ್ಲಿ ಎಂಜಿನ್‌ನ ತಯಾರಕರು, ಸಂಖ್ಯೆ ಮತ್ತು ಅಶ್ವಶಕ್ತಿಯ ವಿವರಗಳಿರುತ್ತವೆ. ಬೋಟಿನಲ್ಲಿರುವ ಎಂಜಿನ್ ಈ ವಿವರಗಳೊಂದಿಗೆ ತಾಳೆಯಾಗದಿದ್ದಲ್ಲಿ ವರ್ಗಾವಣೆ ಅರ್ಜಿಯು ಆಕ್ಷೇಪಣೆಗೆ ಒಳಗಾಗುತ್ತದೆ. ಡೀಸೆಲ್ ಅಥವಾ ಸೀಮೆಎಣ್ಣೆಯ ಸೌಲಭ್ಯಗಳು ಕಾಲಕಾಲಕ್ಕೆ ಜಾರಿಯಲ್ಲಿರುವ ಆದೇಶಗಳಂತೆ ಎಂಜಿನ್‌ನ ವಿವರಗಳನ್ನು ಅವಲಂಬಿಸಿರುತ್ತವೆ.

(ಆ) ಎಂಜಿನ್ ಕಳವಿನ ಮಾಲು ಆಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಕಳವಿನ ಸ್ವತ್ತೆಂದು ತಿಳಿದೋ ಹಾಗೆಂದು ನಂಬಲು ಕಾರಣವಿದ್ದೋ ಅದನ್ನು ಅಪ್ರಾಮಾಣಿಕವಾಗಿ ಪಡೆಯುವುದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧವಾಗಿರುತ್ತದೆ.

(ಇ) ಬಿಡಿಭಾಗಗಳು ದೊರೆಯುವುದು ಎಂಜಿನ್‌ನ ನಿಖರ ಮಾದರಿ ತಿಳಿದಾಗ ಮಾತ್ರ. ಹೊಂದಿಕೆಯಾಗದ ಪಿಸ್ಟನ್ ರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್ ಅಳವಡಿಸಿದ ಎಂಜಿನ್ ದಡದಲ್ಲಿ ಓಡೀತು, ನಡುಗಡಲಿನಲ್ಲಿ ನಿಂತೀತು. ಆಗ ಅಪಾಯಕ್ಕೀಡಾಗುವವರು ತಾಂಡೇಲರು ಮತ್ತು ಬೋಟಿನಲ್ಲಿರುವ ಎಲ್ಲ ಮೀನುಗಾರರು.

3. ಪರಿಶೀಲನೆಗೆ ಮುನ್ನ

ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಅವಧಿಯಲ್ಲಿ ಬೋಟುಗಳು ದಡದಲ್ಲಿರುವುದರಿಂದ, ಪರಿಶೀಲನೆಗೆ ಇದು ಅನುಕೂಲದ ಕಾಲ. ಎಂಜಿನ್ ಕೋಣೆಯ ಮುಚ್ಚಳಗಳನ್ನು ತೆರೆದು ಗಾಳಿಯಾಡಲು ಬಿಡಬೇಕು. ಬ್ಯಾಟರಿಯ ಸಂಪರ್ಕವನ್ನು ಕಳಚಬೇಕು. ಬೆಂಕಿ, ಬೀಡಿ, ಸಿಗರೇಟುಗಳನ್ನು ದೂರವಿಡಬೇಕು.

ಎಣ್ಣೆ ಜಿಡ್ಡನ್ನು ಬಟ್ಟೆ ಮತ್ತು ಅಲ್ಪ ಪ್ರಮಾಣದ ಡೀಸೆಲ್‌ನಿಂದ ಒರೆಸಬೇಕು. ಬಣ್ಣದ ಪದರವಿದ್ದಲ್ಲಿ ಬಣ್ಣ ಕರಗಿಸುವ ದ್ರಾವಣವನ್ನು ಬಳಸಬಹುದು. ಯಾವುದೇ ಕಾರಣಕ್ಕೂ ಸಂಖ್ಯೆಯಿರುವ ಜಾಗವನ್ನು ಗ್ರೈಂಡರ್, ಅರ ಅಥವಾ ಉಳಿಯಿಂದ ಕೆರೆಯಕೂಡದು. ಒಮ್ಮೆ ಸವೆದ ಅಂಕಿಯು ಮರಳಿ ಬಾರದು. ಅಲ್ಲದೆ ಅಂತಹ ಗುರುತುಗಳು ಸಂಖ್ಯೆಯನ್ನು ಉದ್ದೇಶಪೂರ್ವಕವಾಗಿ ಅಳಿಸಲಾಗಿದೆ ಎಂಬ ಸಂಶಯಕ್ಕೆ ಎಡೆ ಮಾಡಿಕೊಡುತ್ತವೆ.

ಮಸುಕಾದ ಸಂಖ್ಯೆಯ ಮೇಲೆ ತೆಳುವಾದ ಬಿಳಿ ಕಾಗದವನ್ನಿಟ್ಟು ಮೃದುವಾದ ಪೆನ್ಸಿಲ್‌ನಿಂದ ಉಜ್ಜಿದಲ್ಲಿ ಅಂಕಿಗಳು ಮೂಡುತ್ತವೆ. ಟಾರ್ಚ್ ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟಲ್ಲಿ ಗುಳಿಗಳಲ್ಲಿ ನೆರಳು ಬಿದ್ದು ಓದಲು ಸುಲಭವಾಗುತ್ತದೆ. ಇಂಗ್ಲಿಷ್ ಅಕ್ಷರಗಳಾದ ಐ, ಓ, ಎಸ್ ಮತ್ತು ಬಿ ಗಳನ್ನು ಕ್ರಮವಾಗಿ 1, 0, 5 ಮತ್ತು 8 ಎಂದು ತಪ್ಪಾಗಿ ಓದುವುದು ಸಾಮಾನ್ಯವಾದ್ದರಿಂದ, ಇಬ್ಬರು ಪ್ರತ್ಯೇಕವಾಗಿ ಓದಿ ಬರೆದುಕೊಂಡು ಹೋಲಿಸುವುದು ಸೂಕ್ತ.

4. ಎಂಜಿನ್ ಮೇಲೆ ಕಾಣುವ ಮೂರು ಬಗೆಯ ಗುರುತುಗಳು

(1) ನಾಮಫಲಕ: ರಿವೆಟ್ ಅಥವಾ ಸ್ಕ್ರೂಗಳಿಂದ ಕೂರಿಸಿದ ತಗಡಿನ ಫಲಕ. ಇದರಲ್ಲಿ ತಯಾರಕರ ಹೆಸರು, ಮಾದರಿ, ಸಂಖ್ಯೆ ಮತ್ತು ಶಕ್ತಿಯ ವಿವರಗಳಿರುತ್ತವೆ. ಓದಲು ಅತ್ಯಂತ ಸುಲಭವಾದ ಈ ಗುರುತೇ ನಂಬಿಕೆಗೆ ಅತ್ಯಂತ ಕಡಿಮೆ ಅರ್ಹವಾದದ್ದು. ಒಂದು ಎಂಜಿನ್‌ನಿಂದ ಕಿತ್ತು ಮತ್ತೊಂದಕ್ಕೆ ಕೂರಿಸಲು ಕೆಲವೇ ನಿಮಿಷಗಳು ಸಾಕು. ರಿವೆಟ್‌ಗಳು ಹೊಸದಾಗಿದ್ದರೆ, ಫಲಕದ ಅಡಿಯಲ್ಲಿ ಬೇರೆ ಅಳತೆಯ ತೂತುಗಳಿದ್ದರೆ ಎಚ್ಚರ ವಹಿಸಬೇಕು.

(2) ಗುದ್ದಿದ ಸಂಖ್ಯೆ: ಸಿಲಿಂಡರ್ ಬ್ಲಾಕಿನ ಮೇಲೆ ನುಣುಪು ಮಾಡಿದ ಸಣ್ಣ ಜಾಗದಲ್ಲಿ ಪಂಚ್‌ನಿಂದ ಗುದ್ದಿದ ಅಂಕಿಗಳು. ಎಂಜಿನ್ ಸಂಖ್ಯೆ ಎಂದು ದಾಖಲೆಗಳಲ್ಲಿ ಬರೆಯಬೇಕಾದದ್ದು ಇದನ್ನೇ.

(3) ಎರಕದ ಸಂಖ್ಯೆ: ಬ್ಲಾಕನ್ನು ಅಚ್ಚಿನಲ್ಲಿ ಎರಕ ಹೊಯ್ಯುವಾಗಲೇ ಉಬ್ಬಿ ಮೂಡಿದ ಅಕ್ಷರ ಮತ್ತು ಅಂಕಿಗಳು. ಇದು ಒಂದೇ ಅಚ್ಚಿನಿಂದ ಬಂದ ಸಾವಿರಾರು ಬ್ಲಾಕುಗಳಿಗೆ ಸಮಾನವಾಗಿರುವುದರಿಂದ ಎಂಜಿನ್ ಸಂಖ್ಯೆಯಲ್ಲ. ಆದರೆ ಇದನ್ನು ಬದಲಾಯಿಸುವುದು ಬಹಳ ಕಷ್ಟವಾದ್ದರಿಂದ, ಎಂಜಿನ್ ಯಾವ ಕುಟುಂಬಕ್ಕೆ ಸೇರಿದ್ದು ಎಂಬುದಕ್ಕೆ ಇದು ಬಲವಾದ ಸಾಕ್ಷಿ. ಅರ್ಜಿಗಳಲ್ಲಿ ಎರಕದ ಸಂಖ್ಯೆಯನ್ನು ಎಂಜಿನ್ ಸಂಖ್ಯೆಯೆಂದು ಬರೆಯುವುದರಿಂದ ತಾಳೆಯಾಗದ ಪ್ರಸಂಗಗಳು ಉಂಟಾಗುತ್ತವೆ.

ಗೇರ್‌ಬಾಕ್ಸ್, ಇಂಧನ ಪಂಪು ಮತ್ತು ಆಲ್ಟರ್ನೇಟರ್‌ಗಳಿಗೂ ಪ್ರತ್ಯೇಕ ಫಲಕಗಳಿರುತ್ತವೆ. ಇವುಗಳನ್ನು ಎಂಜಿನ್‌ನ ಫಲಕವೆಂದು ಭಾವಿಸಬಾರದು.

ಲೆಕ್ಕಪತ್ರದ ಎರಡೂ ಬದಿಯ ಮೊತ್ತ ತಾಳೆಯಾದಾಗಲೇ ಲೆಕ್ಕ ಸರಿಯೆನ್ನುವಂತೆ, ಈ ಮೂರು ಗುರುತುಗಳು ಪರಸ್ಪರ ಹೊಂದಿಕೆಯಾದಾಗ ಮಾತ್ರ ಎಂಜಿನ್‌ನ ಮೂಲ ತಿಳಿಯಿತೆಂದು ಪರಿಗಣಿಸಬೇಕು. ಒಂದೇ ಗುರುತನ್ನು ನಂಬಿ ನಿರ್ಧರಿಸಬಾರದು.

5. ಒಳಬದಿಯ ಡೀಸೆಲ್ ಎಂಜಿನ್‌ಗಳು

ಟ್ರಾಲ್ ಮತ್ತು ಪರ್ಸೀನ್ ಬೋಟುಗಳಲ್ಲಿ ಒಳಬದಿಯ ಡೀಸೆಲ್ ಎಂಜಿನ್‌ಗಳಿರುತ್ತವೆ. ಇವುಗಳಲ್ಲಿ ಅನೇಕವು ಮೂಲತಃ ಲಾರಿ, ಬಸ್ಸು ಅಥವಾ ಟ್ರ್ಯಾಕ್ಟರ್‌ಗಳಿಗಾಗಿ ರೂಪುಗೊಂಡು, ಕಡಲಿಗೆ ಹೊಂದುವಂತೆ ಮಾರ್ಪಟ್ಟವು.

5.1 ಮಾದರಿಯ ಹೆಸರೇ ನೀಡುವ ಸುಳಿವು

ಮಾದರಿಯ ಅಂಕಿಗಳು ಬಹುತೇಕ ಎಂಜಿನ್‌ನ ಅಳತೆಯನ್ನೇ ಹೇಳುತ್ತವೆ. ಆದರೆ ಪ್ರತಿಯೊಬ್ಬ ತಯಾರಕರ ರೂಢಿ ಬೇರೆ ಬೇರೆ.

- ಅಶೋಕ್ ಲೇಲ್ಯಾಂಡ್: 1948ರಲ್ಲಿ ಅಶೋಕ್ ಮೋಟಾರ್ಸ್ ಎಂದು ಆರಂಭವಾಗಿ 1955ರಲ್ಲಿ ಈಗಿನ ಹೆಸರು ಪಡೆದ ಈ ಸಂಸ್ಥೆಯ ಹಳೆಯ ಎಂಜಿನ್‌ಗಳು ಬ್ರಿಟನ್ನಿನ ಲೇಲ್ಯಾಂಡ್ ವಿನ್ಯಾಸದವು. 370, 400, 680 ಎಂಬ ಅಂಕಿಗಳು ಒಟ್ಟು ಸಿಲಿಂಡರ್ ಗಾತ್ರವನ್ನು ಘನ ಅಂಗುಲಗಳಲ್ಲಿ ಸುಮಾರಾಗಿ ಸೂಚಿಸುತ್ತವೆ.
- ಪರ್ಕಿನ್ಸ್: 4.236 ಎಂದರೆ 4 ಸಿಲಿಂಡರ್, 236 ಘನ ಅಂಗುಲ. ಪರ್ಕಿನ್ಸ್ ವಿನ್ಯಾಸದ ಎಂಜಿನ್‌ಗಳನ್ನು ಚೆನ್ನೈನ ಸಿಂಪ್ಸನ್ ಸಂಸ್ಥೆಯೂ ತಯಾರಿಸಿದ್ದರಿಂದ, ಪರ್ಕಿನ್ಸ್ ಎಂದಾಕ್ಷಣ ಅದು ಆಮದಾದದ್ದು ಎಂದು ತೀರ್ಮಾನಿಸಲಾಗದು.
- ಟಾಟಾ: 697 ಎಂದರೆ 6 ಸಿಲಿಂಡರ್, 97 ಮಿ.ಮೀ. ಒಳವ್ಯಾಸ.
- ಕಮಿನ್ಸ್: 6ಬಿಟಿ 5.9 ಎಂದರೆ 6 ಸಿಲಿಂಡರ್, ಬಿ ಶ್ರೇಣಿ, ಟರ್ಬೊ, 5.9 ಲೀಟರ್.
- ಚೀನಾದ ಎಂಜಿನ್‌ಗಳು: ಎಕ್ಸ್6170ಝಡ್‌ಸಿ ಎಂಬ ಮಾದರಿಯಲ್ಲಿ 6 ಎಂಬುದು ಸಿಲಿಂಡರ್ ಸಂಖ್ಯೆ, 170 ಎಂಬುದು ಮಿ.ಮೀ.ಗಳಲ್ಲಿ ಒಳವ್ಯಾಸ, ಝಡ್ ಎಂಬುದು ಟರ್ಬೊ, ಸಿ ಎಂಬುದು ಹಡಗಿನ ಮುಖ್ಯ ಎಂಜಿನ್ ಎಂಬುದರ ಸೂಚನೆ. ಮಾದರಿಯ ಕೊನೆಯಲ್ಲಿ ಸಿ ಇಲ್ಲದಿದ್ದಲ್ಲಿ ಅದು ಲಾರಿ ಅಥವಾ ಜನರೇಟರ್‌ಗಾಗಿ ತಯಾರಾದದ್ದೇ ಎಂದು ವಿಚಾರಿಸಬೇಕು. ಇಂತಹ ಎಂಜಿನ್‌ಗೆ ಆಮದು ಸಂಬಂಧ ಸುಂಕ ಇಲಾಖೆಯ ದಾಖಲೆಯ ಪ್ರತಿಯನ್ನೂ ಮಾರಾಟಗಾರರಿಂದ ಕೇಳಬೇಕು.

5.2 ಅಳತೆಯಿಂದ ಗುರುತಿಸುವುದು

ಫಲಕವಿಲ್ಲದ, ಸಂಖ್ಯೆ ಸವೆದ ಎಂಜಿನ್ ಸಹ ತನ್ನ ಅಳತೆಯನ್ನು ಮರೆಮಾಚಲಾರದು. ದುರಸ್ತಿಗಾಗಿ ಹೆಡ್ ಕಳಚಿದಾಗ ಮೆಕ್ಯಾನಿಕರಿಂದ ಎರಡು ಅಳತೆಗಳನ್ನು ಬರೆಯಿಸಿಕೊಳ್ಳಬೇಕು: ಸಿಲಿಂಡರಿನ ಒಳವ್ಯಾಸ, ಹಾಗೂ ಪಿಸ್ಟನ್ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಚಲಿಸುವ ದೂರ, ಅಂದರೆ ಸ್ಟ್ರೋಕ್. ಲೆಕ್ಕ ಹೀಗಿದೆ:

ಒಳವ್ಯಾಸ × ಒಳವ್ಯಾಸ × 0.7854 × ಸ್ಟ್ರೋಕ್ × ಸಿಲಿಂಡರ್‌ಗಳ ಸಂಖ್ಯೆ

ಅಳತೆಗಳು ಸೆಂ.ಮೀ.ಗಳಲ್ಲಿದ್ದಲ್ಲಿ ಉತ್ತರವು ಘನ ಸೆಂ.ಮೀ.ಗಳಲ್ಲಿ ದೊರೆಯುತ್ತದೆ. ಅದನ್ನು 16.387ರಿಂದ ಭಾಗಿಸಿದಲ್ಲಿ ಘನ ಅಂಗುಲಗಳಾಗುತ್ತವೆ.

ಉದಾಹರಣೆಗೆ, ಮಲ್ಪೆಯ ಬಂದರಿನಲ್ಲಿ ಮಾರಾಟಕ್ಕಿರುವ ಬೋಟೊಂದರಲ್ಲಿ ಫಲಕವಿಲ್ಲದ 6 ಸಿಲಿಂಡರ್‌ಗಳ ಎಂಜಿನ್ ಇದೆಯೆಂದು ಭಾವಿಸೋಣ. ಒಳವ್ಯಾಸ 10.72 ಸೆಂ.ಮೀ., ಸ್ಟ್ರೋಕ್ 12.065 ಸೆಂ.ಮೀ. ಬಂದಿದೆ. ಲೆಕ್ಕದ ಪ್ರಕಾರ ಒಟ್ಟು ಗಾತ್ರ ಸುಮಾರು 6,534 ಘನ ಸೆಂ.ಮೀ., ಅಂದರೆ ಸುಮಾರು 399 ಘನ ಅಂಗುಲ. ಇದು ಲೇಲ್ಯಾಂಡ್ 400ಕ್ಕೆ ಹೊಂದುತ್ತದೆ. ಸ್ಟ್ರೋಕ್ ಅಷ್ಟೇ ಇದ್ದು ಒಳವ್ಯಾಸ 10.31 ಸೆಂ.ಮೀ. ಬಂದಿದ್ದಲ್ಲಿ ಸುಮಾರು 369 ಘನ ಅಂಗುಲವಾಗಿ, ಎಂಜಿನ್ 370 ಆಗಿರುತ್ತಿತ್ತು. ಹೊರನೋಟಕ್ಕೆ ಒಂದೇ ಬಗೆಯ ಈ ಎರಡರ ನಡುವಿನ ವ್ಯತ್ಯಾಸ ಸುಮಾರು 4 ಮಿ.ಮೀ. ಮಾತ್ರ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಸಿಲಿಂಡರನ್ನು ಕೊರೆದು ಹಿಗ್ಗಿಸಿದ್ದಲ್ಲಿ ಒಳವ್ಯಾಸ ಮೂಲಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ. ಆದರೆ ಸ್ಟ್ರೋಕ್ ಬದಲಾಗುವುದಿಲ್ಲ. ಎರಡನೆಯದಾಗಿ, ಬೇರೆ ತಯಾರಕರ ಅಳತೆಗಳು ಬಹಳ ಹತ್ತಿರವಿರಬಹುದು. ಕಮಿನ್ಸ್ 6ಬಿಟಿ ಎಂಜಿನ್‌ನ ಒಳವ್ಯಾಸ 102 ಮಿ.ಮೀ., ಸ್ಟ್ರೋಕ್ 120 ಮಿ.ಮೀ. ಆಗಿದ್ದು, ಲೇಲ್ಯಾಂಡ್ 370ಕ್ಕೆ ಸಮೀಪದಲ್ಲಿದೆ. ಆದುದರಿಂದ ಅಳತೆಯನ್ನು ಎರಕದ ಗುರುತಿನೊಂದಿಗೆ ಸೇರಿಸಿಯೇ ಓದಬೇಕು.

5.3 ಇಂಧನ ಪಂಪು

ಇಂಧನ ಇಂಜೆಕ್ಷನ್ ಪಂಪಿನ ಫಲಕದಲ್ಲಿರುವ ಮಾದರಿ ಸಂಖ್ಯೆಯು ಆ ಪಂಪು ಯಾವ ಎಂಜಿನ್‌ಗಾಗಿ ತಯಾರಾಯಿತು ಎಂಬುದನ್ನು ತಿಳಿಸುತ್ತದೆ. ನಮ್ಮ ದೇಶದ ಹಳೆಯ ಎಂಜಿನ್‌ಗಳಲ್ಲಿ ಮೈಕೋ ಎಂಬ ಗುರುತಿನ ಪಂಪುಗಳು ವ್ಯಾಪಕವಾಗಿ ಕಂಡುಬರುತ್ತವೆ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಈ ಸಂಸ್ಥೆಯು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಆದ್ದರಿಂದ ಮೈಕೋ ಎಂಬ ಹೆಸರಿರುವ ಪಂಪು ಬಹುಮಟ್ಟಿಗೆ 2008ಕ್ಕಿಂತ ಹಿಂದಿನದೆಂದು ತಿಳಿಯಬಹುದು. ಪಂಪು ದುರಸ್ತಿ ಮಾಡುವ ಅಧಿಕೃತ ಕೇಂದ್ರದಲ್ಲಿ ಸಂಖ್ಯೆಯನ್ನು ತೋರಿಸಿದಲ್ಲಿ ಎಂಜಿನ್‌ನ ಕುಟುಂಬವನ್ನು ತಿಳಿಯಲು ಸಾಧ್ಯ. ಪಂಪು ಬದಲಾಗಿರುವ ಸಾಧ್ಯತೆ ಇರುವುದರಿಂದ ಇದನ್ನು ಪೂರಕ ಸಾಕ್ಷಿಯಾಗಿ ಮಾತ್ರ ಪರಿಗಣಿಸಬೇಕು.

5.4 ಬೋಲ್ಟುಗಳು

ಮೂಲ ಬೋಲ್ಟುಗಳಿಗೆ ಅಂಗುಲದ ಸ್ಪ್ಯಾನರ್ ಹೊಂದುತ್ತದೆಯೇ, ಮಿ.ಮೀ. ಸ್ಪ್ಯಾನರ್ ಹೊಂದುತ್ತದೆಯೇ ಎಂಬುದನ್ನು ಮೆಕ್ಯಾನಿಕರಲ್ಲಿ ಕೇಳಬೇಕು. ಹಳೆಯ ಬ್ರಿಟಿಷ್ ವಿನ್ಯಾಸದ ಎಂಜಿನ್‌ಗಳಲ್ಲಿ ಅಂಗುಲದ ಅಳತೆ, ಜಪಾನ್ ಮತ್ತು ಚೀನಾದ ಎಂಜಿನ್‌ಗಳಲ್ಲಿ ಮೆಟ್ರಿಕ್ ಅಳತೆ ಇರುತ್ತದೆ. ಬೋಲ್ಟಿನ ತಲೆಯ ಮೇಲೆ 8.8 ಎಂಬಂತಹ ಅಂಕಿಯಿದ್ದರೆ ಅದು ಮೆಟ್ರಿಕ್. ಜಪಾನಿನದೆಂದು ಹೇಳಿ ಮಾರುತ್ತಿರುವ ಎಂಜಿನ್‌ಗೆ ಎಲ್ಲೆಡೆ ಅಂಗುಲದ ಬೋಲ್ಟುಗಳಿದ್ದಲ್ಲಿ ಆ ಮಾತನ್ನು ಒಪ್ಪಲಾಗದು.

5.5 ಲಾರಿಯಿಂದ ಬಂದ ಎಂಜಿನ್

ಕಡಲಿಗಾಗಿಯೇ ತಯಾರಾದ ಎಂಜಿನ್‌ನಲ್ಲಿ ಸಾಮಾನ್ಯವಾಗಿ ನೀರಿನಿಂದ ತಣಿಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಉಪ್ಪುನೀರಿಗೆ ಪ್ರತ್ಯೇಕ ಪಂಪು ಮತ್ತು ಶಾಖ ವಿನಿಮಯಕ ಇರುತ್ತವೆ. ಇವುಗಳನ್ನು ಗ್ಯಾರೇಜಿನಲ್ಲಿ ಬೆಸುಗೆ ಹಾಕಿ ಹೊಂದಿಸಿದ್ದು ಕಂಡುಬಂದಲ್ಲಿ, ಎಂಜಿನ್ ಯಾವುದೋ ಲಾರಿಯಿಂದ ಬಂದಿರುವ ಸಂಭವವಿದೆ. ಅಂತಹ ಎಂಜಿನ್‌ನ ಸಂಖ್ಯೆಯು ಆ ವಾಹನದ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ವಾಹನವನ್ನು ಗುಜರಿಗೆ ಹಾಕಿದ ದಾಖಲೆ ಮತ್ತು ಖರೀದಿ ರಸೀದಿಯನ್ನು ಮಾರಾಟಗಾರರಿಂದ ಪಡೆಯದೆ ಮುಂದುವರಿಯಬಾರದು.

6. ಹೊರಬದಿಯ ಎಂಜಿನ್‌ಗಳು

ನಾಡದೋಣಿಗಳ ಹಿಂಬದಿಗೆ ಕಚ್ಚಿಸುವ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ನಾಮಫಲಕವು ಸಾಮಾನ್ಯವಾಗಿ ದೋಣಿಗೆ ಬಿಗಿಯುವ ಬ್ರಾಕೆಟ್ಟಿನ ಮೇಲಿರುತ್ತದೆ. ಬ್ರಾಕೆಟ್ ಒಂದರದು, ಮೇಲಿನ ಎಂಜಿನ್ ಇನ್ನೊಂದರದು ಆಗಿರಬಹುದಾದ ಕಾರಣ ಕವಚವನ್ನು ತೆಗೆದು ಬ್ಲಾಕನ್ನೂ ನೋಡಬೇಕು. ಕವಚದ ಮೇಲಿನ ಸ್ಟಿಕ್ಕರ್ ಯಾವ ಸಾಕ್ಷಿಯೂ ಅಲ್ಲ.

ಯಮಹಾ: ಈ ಸಂಸ್ಥೆಯ ಬಿಡಿಭಾಗಗಳ ಸಂಖ್ಯೆಯು ಮೂರು ಅಕ್ಷರಾಂಕಿಗಳ ಸಂಕೇತದಿಂದ ಆರಂಭವಾಗುತ್ತದೆ. ಅದೇ ಸಂಕೇತವು ಎರಕದ ಭಾಗಗಳ ಮೇಲೂ ಕಾಣುತ್ತದೆ. ಉದಾಹರಣೆಗೆ 63ವಿ ಎಂಬುದು 15 ಅಶ್ವಶಕ್ತಿಯ, 66ಟಿ ಎಂಬುದು 40 ಅಶ್ವಶಕ್ತಿಯ ಎರಡು ಸ್ಟ್ರೋಕ್ ಮಾದರಿಗೆ ಸೇರಿದೆ. ಒಂದೇ ಭಾಗವನ್ನು ಹಲವು ಮಾದರಿಗಳಲ್ಲಿ ಬಳಸುವುದರಿಂದ ನಾಲ್ಕೈದು ಭಾಗಗಳನ್ನು ನೋಡಿ ಬಹುಮತದ ಸಂಕೇತವನ್ನು ಗುರುತಿಸಬೇಕು.

ಜಾನ್ಸನ್ ಮತ್ತು ಎವಿನ್‌ರೂಡ್: ಇವೆರಡೂ ಅಮೆರಿಕದ ಔಟ್‌ಬೋರ್ಡ್ ಮೆರೀನ್ ಕಾರ್ಪೊರೇಷನ್ನಿನವು. ಬ್ರಾಕೆಟ್ಟಿನ ಫಲಕ ಕಳೆದಿದ್ದರೂ ಬ್ಲಾಕಿನಲ್ಲಿರುವ ನಾಣ್ಯದಾಕಾರದ ಲೋಹದ ಮುಚ್ಚಳದ ಮೇಲೆ ಸಂಖ್ಯೆ ಗುದ್ದಿರುತ್ತದೆ. 1980ರಿಂದ ಮುಂದಿನ ಎಂಜಿನ್‌ಗಳಲ್ಲಿ ಮಾದರಿಯ ಕೊನೆಯ ಅಕ್ಷರಕ್ಕೆ ಹಿಂದಿನ ಎರಡು ಅಕ್ಷರಗಳು ವರ್ಷವನ್ನು ಹೇಳುತ್ತವೆ. 'ಇಂಟ್ರೊಡ್ಯೂಸಸ್' ಎಂಬ ಇಂಗ್ಲಿಷ್ ಪದದ ಹತ್ತು ಅಕ್ಷರಗಳು ಇದರ ಕೀಲಿ: ಐ 1, ಎನ್ 2, ಟಿ 3, ಆರ್ 4, ಓ 5, ಡಿ 6, ಯು 7, ಸಿ 8, ಇ 9, ಎಸ್ 0. 'ಸಿ ಯು' ಎಂದಿದ್ದಲ್ಲಿ 87, ಅಂದರೆ 1987ರ ಮಾದರಿ. 'ಇ ಎಸ್' ಎಂದಿದ್ದಲ್ಲಿ 1990ರದು.

ಒಂದೇ ಬ್ಲಾಕಿನಿಂದ 9.9 ಮತ್ತು 15 ಅಶ್ವಶಕ್ತಿಯ ಎರಡು ಮಾದರಿಗಳನ್ನು ತಯಾರಿಸುವ ರೂಢಿ ಹಲವು ಸಂಸ್ಥೆಗಳಲ್ಲಿದೆ. ಆದ್ದರಿಂದ ಬ್ಲಾಕಿನ ಗಾತ್ರ ನೋಡಿ ಅಶ್ವಶಕ್ತಿಯನ್ನು ನಮೂದಿಸಬಾರದು, ಮಾದರಿಯ ಸಂಕೇತದಿಂದಲೇ ತಿಳಿಯಬೇಕು. ಪೆಟ್ರೋಲ್‌ನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಎಂಜಿನ್‌ಗೆ ಎರಡು ಇಂಧನ ಮಾರ್ಗಗಳು ಮತ್ತು ಬದಲಿಸುವ ನಲ್ಲಿ ಇರುತ್ತವೆ. ಇದು ಕಾರ್ಖಾನೆಯ ಅಳವಡಿಕೆಯೋ, ನಂತರ ಮಾಡಿದ ಮಾರ್ಪಾಡೋ ಎಂಬುದನ್ನು ಮಾದರಿಯ ಸಂಕೇತವೇ ತೀರ್ಮಾನಿಸುತ್ತದೆ.

7. ದಾಖಲೆಗಳೊಂದಿಗೆ ತಾಳೆ

ಎಂಜಿನ್ ಮೇಲೆ ಕಂಡದ್ದನ್ನು ಈ ಕೆಳಗಿನ ದಾಖಲೆಗಳೊಂದಿಗೆ ಒಂದೊಂದಾಗಿ ಹೋಲಿಸಬೇಕು:

(1) ಬೋಟಿನ ನೋಂದಣಿ ಪ್ರಮಾಣಪತ್ರ. ಮೀನುಗಾರಿಕಾ ಬೋಟುಗಳ ನೋಂದಣಿಯನ್ನು ರಿಯಲ್‌ಕ್ರಾಫ್ಟ್ ಎಂಬ ರಾಷ್ಟ್ರೀಯ ಆನ್‌ಲೈನ್ ವ್ಯವಸ್ಥೆಯಲ್ಲಿ ನಿರ್ವಹಿಸಲಾಗುತ್ತದೆ.
(2) 1986ರ ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮದಡಿ ಪಡೆದ ಪರವಾನಗಿ.
(3) ಎಂಜಿನ್ ಖರೀದಿ ರಸೀದಿ ಮತ್ತು ಹಿಂದಿನ ಮಾಲೀಕರ ಮಾರಾಟ ಪತ್ರ.
(4) ವಿಮಾ ಪತ್ರ ಹಾಗೂ ಸಾಲವಿದ್ದಲ್ಲಿ ಬ್ಯಾಂಕ್ ಅಥವಾ ಸಹಕಾರ ಸಂಘದ ಅಡಮಾನ ದಾಖಲೆ. ಸಾಲ ತೀರದ ಎಂಜಿನ್‌ನ ಸಂಖ್ಯೆ ಇಲ್ಲಿ ದಾಖಲಾಗಿರುವ ಸಂಭವ ಹೆಚ್ಚು.

ಫಲಕದಲ್ಲಿ ಶಕ್ತಿಯನ್ನು ಕಿಲೋವ್ಯಾಟ್‌ಗಳಲ್ಲಿ ಕೊಟ್ಟಿದ್ದಲ್ಲಿ 1.36ರಿಂದ ಗುಣಿಸಿದರೆ ಮೆಟ್ರಿಕ್ ಅಶ್ವಶಕ್ತಿ ದೊರೆಯುತ್ತದೆ. 88 ಕಿಲೋವ್ಯಾಟ್ ಎಂದರೆ ಸುಮಾರು 120 ಅಶ್ವಶಕ್ತಿ. ಘಟಕದ ವ್ಯತ್ಯಾಸವನ್ನು ಎಂಜಿನ್‌ನ ವ್ಯತ್ಯಾಸವೆಂದು ಭಾವಿಸಬಾರದು.

ನದಿ, ಹಿನ್ನೀರು ಮತ್ತು ಜಲಾಶಯಗಳಲ್ಲಿ ಸಂಚರಿಸುವ ಯಾಂತ್ರೀಕೃತ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಅಧಿನಿಯಮ ಅನ್ವಯಿಸುತ್ತದೆ. ಗುರುತು ಪತ್ತೆಯ ಮೇಲ್ಕಂಡ ಕ್ರಮವು ಅವುಗಳಿಗೂ ಉಪಯುಕ್ತ.

8. ಸಂಖ್ಯೆ ಅಳಿಸಿರುವುದು ಕಂಡುಬಂದಲ್ಲಿ

ಉಪ್ಪುಗಾಳಿಯ ತುಕ್ಕಿಗೂ, ಕೈಯಿಂದ ಅಳಿಸಿದ್ದಕ್ಕೂ ವ್ಯತ್ಯಾಸವಿದೆ. ತುಕ್ಕು ಸುತ್ತಲಿನ ಜಾಗವನ್ನೂ ಸಮಾನವಾಗಿ ತಿಂದಿರುತ್ತದೆ. ಅಳಿಸಿದಲ್ಲಿ ಸಂಖ್ಯೆಯಿದ್ದ ಜಾಗ ಮಾತ್ರ ತಗ್ಗಾಗಿ, ಸಮಾಂತರ ಗೀರುಗಳನ್ನು ಹೊಂದಿರುತ್ತದೆ. ಗುದ್ದಿದ ಅಂಕಿಗಳ ಎತ್ತರ, ಅಂತರ ಅಥವಾ ಸಾಲು ಒಂದೇ ಸಮನಾಗಿಲ್ಲದಿದ್ದಲ್ಲಿಯೂ ಸಂಶಯಕ್ಕೆ ಆಸ್ಪದವಿದೆ.

ಇಂತಹ ಎಂಜಿನ್ ಇರುವ ಬೋಟಿನ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಈಗಾಗಲೇ ಖರೀದಿಸಿದ್ದಲ್ಲಿ ಎಂಜಿನ್ ಕಳಚದೆ, ಛಾಯಾಚಿತ್ರಗಳೊಂದಿಗೆ ಸಮೀಪದ ಮೀನುಗಾರಿಕೆ ಕಚೇರಿ ಮತ್ತು ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಬೇಕು. ತಾವಾಗಿಯೇ ತಿಳಿಸಿದವರ ಸ್ಥಿತಿಗೂ, ತಪಾಸಣೆಯಲ್ಲಿ ಸಿಕ್ಕಿಬಿದ್ದವರ ಸ್ಥಿತಿಗೂ ಬಹಳ ಅಂತರವಿದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಫಲಕ ಬಿದ್ದುಹೋಗಿದೆ, ಆದರೆ ಬ್ಲಾಕಿನ ಸಂಖ್ಯೆ ಸ್ಪಷ್ಟವಾಗಿದೆ. ಹೊಸ ಫಲಕ ಮಾಡಿಸಬಹುದೇ?
ಉತ್ತರ: ಸ್ಥಳೀಯವಾಗಿ ಮಾಡಿಸಕೂಡದು. ಬ್ಲಾಕಿನ ಸಂಖ್ಯೆಯ ಛಾಯಾಚಿತ್ರ ಮತ್ತು ಪೆನ್ಸಿಲ್ ಪಡಿಯಚ್ಚಿನೊಂದಿಗೆ ತಯಾರಕರಿಗೆ ಅಥವಾ ಅಧಿಕೃತ ಮಾರಾಟಗಾರರಿಗೆ ಬರೆದು, ಮಾದರಿ ಮತ್ತು ತಯಾರಿಕಾ ವರ್ಷದ ಬಗ್ಗೆ ಪತ್ರ ಪಡೆಯುವುದು ಸರಿಯಾದ ಕ್ರಮ.

ಪ್ರಶ್ನೆ: ಹಿಂದಿನ ಮಾಲೀಕರು ಬ್ಲಾಕನ್ನೇ ಬದಲಿಸಿದ್ದಾರೆ. ಹಳೆಯ ಸಂಖ್ಯೆಯನ್ನು ಹೊಸ ಬ್ಲಾಕಿನ ಮೇಲೆ ಗುದ್ದಿಸಬಹುದೇ?
ಉತ್ತರ: ಇಲ್ಲ. ಹೊಸ ಬ್ಲಾಕಿನ ರಸೀದಿಯನ್ನು ಹಾಜರುಪಡಿಸಿ ದಾಖಲೆಯಲ್ಲಿ ಬದಲಾವಣೆ ಕೋರಬೇಕು. ಬದಲಾಗಬೇಕಾದದ್ದು ಕಾಗದ, ಕಬ್ಬಿಣವಲ್ಲ.

ಪ್ರಶ್ನೆ: ತಯಾರಕ ಸಂಸ್ಥೆಯೇ ಮುಚ್ಚಿಹೋಗಿದ್ದಲ್ಲಿ?
ಉತ್ತರ: ಔಟ್‌ಬೋರ್ಡ್ ಮೆರೀನ್ ಕಾರ್ಪೊರೇಷನ್ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು. ಎವಿನ್‌ರೂಡ್ ಎಂಜಿನ್‌ಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ನಂತರದ ಮಾಲೀಕ ಸಂಸ್ಥೆಯು 2020ರಲ್ಲಿ ಪ್ರಕಟಿಸಿತು. ಇಂತಹ ಎಂಜಿನ್‌ಗಳಿಗೆ ಬ್ಲಾಕಿನ ಸಂಖ್ಯೆ, ಮಾದರಿಯ ಸಂಕೇತ ಮತ್ತು ಹಿಂದಿನ ಮಾಲೀಕರ ದಾಖಲೆಗಳೇ ಆಧಾರ. ಬಿಡಿಭಾಗಗಳ ಲಭ್ಯತೆಯನ್ನು ಖಚಿತಪಡಿಸಿಕೊಂಡೇ ಬೆಲೆ ನಿಗದಿ ಮಾಡುವುದು ಒಳಿತು.

ಪ್ರಶ್ನೆ: ಎಲ್ಲ ಪ್ರಯತ್ನದ ನಂತರವೂ ಮೂಲ ತಿಳಿಯದಿದ್ದಲ್ಲಿ ಅರ್ಜಿಯಲ್ಲಿ ಏನು ಬರೆಯಬೇಕು?
ಉತ್ತರ: ಕಂಡದ್ದನ್ನು ಮಾತ್ರ ಬರೆಯಬೇಕು. ಸಿಲಿಂಡರ್‌ಗಳ ಸಂಖ್ಯೆ, ಅಳತೆಗಳು, ಎರಕದ ಗುರುತು, ಓದಲು ಸಾಧ್ಯವಾದ ಅಂಕಿಗಳು, ಪಂಪಿನ ಸಂಖ್ಯೆ ಇವನ್ನು ನಮೂದಿಸಿ, ಓದಲಾಗದ ಅಂಕಿಯ ಜಾಗದಲ್ಲಿ ಗೆರೆ ಎಳೆಯಬೇಕು. ಊಹೆಯಿಂದ ತುಂಬಿದ ಒಂದು ಅಂಕಿಯು ಸತ್ಯವಾದ ಉಳಿದೆಲ್ಲ ವಿವರಗಳನ್ನೂ ಸಂಶಯಕ್ಕೆ ಗುರಿಪಡಿಸುತ್ತದೆ.

10. ಕೊನೆಯ ಸೂಚನೆ

ಪರಿಶೀಲನೆಯ ದಿನಾಂಕ, ಸ್ಥಳ, ಹಾಜರಿದ್ದವರ ಹೆಸರು ಮತ್ತು ಕಂಡುಬಂದ ಎಲ್ಲ ಗುರುತುಗಳನ್ನು ಒಂದು ಹಾಳೆಯಲ್ಲಿ ಬರೆದು, ಮಾರಾಟಗಾರರು ಮತ್ತು ಖರೀದಿದಾರರು ಸಹಿ ಮಾಡಿ, ಮಾರಾಟ ಪತ್ರಕ್ಕೆ ಲಗತ್ತಿಸಿಕೊಳ್ಳುವಂತೆ ಸಲಹೆ ನೀಡಲಾಗಿದೆ. ಸಹಿ ಮಾಡಲು ಮಾರಾಟಗಾರರು ಹಿಂಜರಿದಲ್ಲಿ, ಆ ಹಿಂಜರಿಕೆಯನ್ನೂ ಎಂಜಿನ್‌ನ ಮೂಲದ ಬಗೆಗಿನ ಒಂದು ಮಾಹಿತಿಯೆಂದು ಪರಿಗಣಿಸಬೇಕು. ಮುಂದೆ ತಾವು ಆ ಬೋಟನ್ನು ಮಾರುವಾಗ ಅದೇ ಹಾಳೆ ತಮ್ಮ ಪರವಾಗಿ ಮಾತನಾಡುತ್ತದೆ. ಹೆಚ್ಚಿನ ವಿವರಗಳಿಗಾಗಿ ಆಯಾ ಜಿಲ್ಲೆಯ ಮೀನುಗಾರಿಕೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.